ಕ್ಲಾಸಿಕಲ್ ಚೆಸ್ ಪಂದ್ಯ: ಕಾಸರಗೋಡಿನ ಆಟಗಾರರೂ ಹೆತ್ತವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಕ್ಕಳು ಮೊಬೈಲಿನಲ್ಲಿ ಐದು-ಹತ್ತು ನಿಮಿಷದ ಆಟವನ್ನು ಚುರುಕಾಗಿ ಆಡುತ್ತಾರೆ. ಅದೇ ಮಕ್ಕಳು ರೇಟಿಂಗ್ (ಆಟಗಾರನ ಬಲ ತೋರಿಸುವ ಅಂಕಿ) ಟೂರ್ನಿಗೆ ಹೋಗಿ, ಬಲವಾದ ಎದುರಾಳಿಯ ಮುಂದೆ ನಾಲ್ಕು ತಾಸು ಕೂತಾಗ ಸೋತು ಬರುತ್ತಾರೆ. ಆ ಸೋಲಿಗೆ ಕಾರಣ ಬುದ್ಧಿ ಕಡಿಮೆಯಾದದ್ದಲ್ಲ. ಗಡಿಯಾರ, ನಿಯಮ, ಕೊನೆಯಾಟ (ಕಾಯಿಗಳು ಕಡಿಮೆಯಾದ ಮೇಲಿನ ಆಟ) ಈ ಮೂರರಲ್ಲಿ ಅಭ್ಯಾಸ ಸಾಲದೇ ಹೋಗುವುದೇ ಹೆಚ್ಚು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಓಪನಿಂಗಿಗಿಂತ (ಆಟದ ಆರಂಭದ ನಡೆಗಳಿಗಿಂತ) ಈ ಮೂರಕ್ಕೇ ಹೆಚ್ಚು ಜಾಗ ಕೊಟ್ಟಿದೆ. ನಿಯಮಗಳೆಲ್ಲ ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯವು. ಟೂರ್ನಿಯ ಸ್ವಂತ ಷರತ್ತುಗಳು ಪ್ರಾಸ್ಪೆಕ್ಟಸ್‌ನಲ್ಲಿರುತ್ತವೆ, ಅದನ್ನು ಬೇರೆಯಾಗಿ ಓದಿಕೊಳ್ಳಬೇಕು.

ಒಂದು ಪಂದ್ಯ ಎಷ್ಟು ಹೊತ್ತು ನಡೆಯುತ್ತದೆ?

ನಮ್ಮಲ್ಲಿ ಹೆಚ್ಚು ಕಾಣುವ ಕ್ಲಾಸಿಕಲ್ ಸಮಯ "90 + 30". ಅಂದರೆ ಪ್ರತಿ ಆಟಗಾರನಿಗೆ 90 ನಿಮಿಷ, ಜೊತೆಗೆ ಮೊದಲ ನಡೆಯಿಂದಲೇ ಪ್ರತಿ ನಡೆಗೆ 30 ಸೆಕೆಂಡ್. ಆಟ 60 ನಡೆಗೆ ಹೋದರೆ ಒಬ್ಬನಿಗೆ 120 ನಿಮಿಷ, ಇಬ್ಬರಿಗೂ ಸೇರಿ ನಾಲ್ಕು ಗಂಟೆ. ಹೆಚ್ಚಿನ ಪಂದ್ಯಗಳು ಅದಕ್ಕಿಂತ ಮೊದಲೇ ಮುಗಿಯುತ್ತವೆ, ಆದರೆ ಮನೆಗೆ ಹೊರಡುವ ರೈಲನ್ನು ನಾಲ್ಕೂವರೆ ಗಂಟೆಯ ಲೆಕ್ಕದಲ್ಲೇ ಇಟ್ಟುಕೊಳ್ಳಿ. ರೈಲಿಗೆ ಹೊತ್ತಾಯಿತೆಂದು ಗೆಲ್ಲುವ ಸ್ಥಿತಿಯಲ್ಲಿ ಡ್ರಾ ಕೊಟ್ಟು ಎದ್ದು ಬರುವ ಮಕ್ಕಳಿದ್ದಾರೆ.

ಒಬ್ಬನಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು, 60 ನಿಮಿಷಕ್ಕಿಂತ ಕಡಿಮೆ ಇದ್ದರೆ ಅದು ರ‍್ಯಾಪಿಡ್. ಹತ್ತು ನಿಮಿಷ ಅಥವಾ ಅದಕ್ಕೂ ಕಡಿಮೆಯಾದರೆ ಬ್ಲಿಟ್ಜ್. ಮೂರಕ್ಕೂ ಬೇರೆ ಬೇರೆ ರೇಟಿಂಗ್.

ತಡವಾಗಿ ತಲುಪಿದರೆ?

ಪ್ರಾಸ್ಪೆಕ್ಟಸ್‌ನಲ್ಲಿ ರಿಯಾಯಿತಿ ಸಮಯ ಬರೆದಿರಬೇಕು. ಏನೂ ಬರೆದಿಲ್ಲದಿದ್ದರೆ ನಿಯಮದ ಪ್ರಕಾರ ಅದು ಸೊನ್ನೆ: ಸುತ್ತು ಶುರುವಾದಾಗ ಕುರ್ಚಿಯಲ್ಲಿ ಇಲ್ಲದವನು ಸೋತ ಹಾಗೆ. ರಿಯಾಯಿತಿ ಇದ್ದರೂ ತಡವಾದಷ್ಟು ನಿಮಿಷ ನಿಮ್ಮ ಗಡಿಯಾರದಿಂದಲೇ ಹೋಗುತ್ತದೆ. ಇಬ್ಬರೂ ಬಾರದಿದ್ದರೆ ಮೊದಲು ಓಡುವುದು ಬಿಳಿಯವನ ಸಮಯ.

ಕಾಸರಗೋಡಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್, ಬೆಳಗ್ಗೆ ಹೊರಟು ತಲುಪಬಹುದು. ಕೋಯಿಕ್ಕೋಡ್, ತೃಶ್ಶೂರ್ ಅಥವಾ ಅದರಾಚೆ ಟೂರ್ನಿಯಿದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಆಟಿ ತಿಂಗಳ ಮಳೆಯಲ್ಲಿ ರೈಲನ್ನೂ ಹೆದ್ದಾರಿಯನ್ನೂ ನಂಬಿ ಮೊದಲ ಸುತ್ತಿಗೆ ಓಡುವುದು ಬೇಡ.

ಏನೇನು ಒಯ್ಯಬೇಕು?

ಎರಡು ಪೆನ್ನು, ನೀರು, ಚಳಿ ತಡೆಯದ ಮಕ್ಕಳಿಗೆ ಒಂದು ಸ್ವೆಟರ್ (ಏಸಿ ಹಾಲ್‌ಗಳು ತಣ್ಣಗಿರುತ್ತವೆ), ಗುರುತಿನ ಚೀಟಿ. ಬೋರ್ಡು-ಕಾಯಿಗಳನ್ನೂ ಗಡಿಯಾರವನ್ನೂ ಆಟಗಾರರೇ ತರಬೇಕೆನ್ನುವ ಟೂರ್ನಿಗಳಿವೆ, ಮೊದಲೇ ಕೇಳಿಕೊಳ್ಳಿ. ಕೊಳ್ಳುವುದಾದರೆ ರಾಜನ ಎತ್ತರ ಸುಮಾರು 9.5 ಸೆಂಟಿಮೀಟರ್, ಬೋರ್ಡಿನ ಒಂದು ಮನೆ 5ರಿಂದ 6 ಸೆಂಟಿಮೀಟರ್ ಇರಲಿ. ಸಣ್ಣ ಆಯಸ್ಕಾಂತದ ಬೋರ್ಡಿನಲ್ಲಿ ಕಲಿತ ಕಣ್ಣಿಗೆ ದೊಡ್ಡ ಬೋರ್ಡಿನಲ್ಲಿ ದೂರದ ಒಂಟೆ ಕಾಣದೇ ಹೋಗುತ್ತದೆ. ಆದ್ದರಿಂದ ಮನೆಯಲ್ಲಿಯೂ ಇದೇ ಅಳತೆಯಲ್ಲಿ ಅಭ್ಯಾಸವಾಗಬೇಕು.

ಮೊಬೈಲ್, ಸ್ಮಾರ್ಟ್ ವಾಚ್ ಎರಡನ್ನೂ ಹೆತ್ತವರ ಕೈಯಲ್ಲಿ ಕೊಟ್ಟು ಒಳಗೆ ಹೋಗಬೇಕು. ಆಟಗಾರನ ಮೈಮೇಲೆ ಫೋನ್ ಇದೆಯೆಂದು ಗೊತ್ತಾದರೆ ಅವನು ಆ ಪಂದ್ಯ ಸೋಲುತ್ತಾನೆ, ಅದು ಸ್ವಿಚ್ ಆಫ್ ಆಗಿದ್ದರೂ ಕೂಡ. ಚೀಲದಲ್ಲಿ ಸಂಪೂರ್ಣ ಆಫ್ ಮಾಡಿ ಇಡಲು ಕೆಲವು ಟೂರ್ನಿಗಳು ಬಿಡುತ್ತವೆ. ಆಗಲೂ ಆರ್ಬಿಟರ್ (ಪಂದ್ಯದ ತೀರ್ಪುಗಾರರು) ಹೇಳಿದ ಜಾಗದಲ್ಲೇ ಇಡಬೇಕು, ಕೇಳದೆ ಆ ಚೀಲ ತೆರೆಯಬಾರದು.

ನಾವು ಆನೆ ಅನ್ನುವುದನ್ನು ಪಕ್ಕದವರು ತೇರು ಅನ್ನುತ್ತಾರೆ. ಬರೆಯುವಾಗ ಏನು ಮಾಡುವುದು?

ಕಾಸರಗೋಡಿನಲ್ಲಿ ಇದು ದಿನನಿತ್ಯದ ಗೊಂದಲ. ಕನ್ನಡದಲ್ಲಿ ಮೂಲೆಯ ಕಾಯಿ ಆನೆ, ಓರೆಯಾಗಿ ಹೋಗುವುದು ಒಂಟೆ. ಮಲಯಾಳದಲ್ಲಿ ಮೂಲೆಯದು ತೇರು, ಓರೆಯಾಗಿ ಹೋಗುವುದೇ ಆನೆ. ಪಂದ್ಯ ಮುಗಿದ ಮೇಲೆ ಎದುರಾಳಿಯ ಜೊತೆ ಚರ್ಚಿಸುವಾಗ ಹೆಸರು ಹೇಳುವ ಬದಲು ಕಾಯಿಯನ್ನು ತೋರಿಸಿ, ಅಥವಾ ರೂಕ್, ಬಿಷಪ್ ಎನ್ನಿ. ಸ್ಕೋರ್ ಶೀಟಿನಲ್ಲಿ (ನಡೆಗಳನ್ನು ಬರೆಯುವ ಹಾಳೆಯಲ್ಲಿ) ಸ್ವಂತ ಭಾಷೆಯ ಅಕ್ಷರ ಬಳಸಲು ನಿಯಮದಲ್ಲಿ ಅವಕಾಶವಿದೆ. ಆದರೂ ಇಂಗ್ಲಿಷ್ ಅಕ್ಷರಗಳನ್ನೇ ರೂಢಿ ಮಾಡಿಕೊಳ್ಳಿ. ತಕರಾರು ಬಂದಾಗ ಆ ಹಾಳೆಯನ್ನು ಓದಬೇಕಾದವರು ಆರ್ಬಿಟರ್. ಈ ಬರಹದಲ್ಲಿ ಆನೆಯೆಂದರೆ ರೂಕ್, ಒಂಟೆಯೆಂದರೆ ಬಿಷಪ್.

ನಡೆಗಳನ್ನು ಬರೆಯಲೇಬೇಕೇ? ಬರೆಯಲು ಹೋದರೆ ಸಮಯ ಹಾಳಲ್ಲವೇ?

90 + 30ರಲ್ಲಿ ಕೊನೆಯ ನಡೆಯವರೆಗೂ ಬರೆಯಲೇಬೇಕು. ಐದು ನಿಮಿಷಕ್ಕಿಂತ ಕಡಿಮೆ ಉಳಿದಾಗ ಬರೆಯುವುದನ್ನು ನಿಲ್ಲಿಸಬಹುದೆನ್ನುವುದು 30 ಸೆಕೆಂಡ್ ಸೇರ್ಪಡೆ ಇಲ್ಲದ ಆಟಗಳಿಗೆ ಮಾತ್ರ. ಎದುರಾಳಿಯ ನಡೆ ಬರೆಯುವ ಮೊದಲೇ ಉತ್ತರ ಆಡಬಹುದು. ಆದರೆ ನಿಮ್ಮ ಮುಂದಿನ ನಡೆಗೆ ಮೊದಲು ಹಿಂದಿನವು ಹಾಳೆಯಲ್ಲಿರಬೇಕು. ಆಡುವ ಮೊದಲೇ ಸ್ವಂತ ನಡೆ ಬರೆದಿಟ್ಟುಕೊಳ್ಳುವಂತಿಲ್ಲ; ಡ್ರಾ ಕೋರುವಾಗ ಮಾತ್ರ ಹಾಗೆ ಮಾಡಬೇಕು, ಅದನ್ನು ಮುಂದೆ ನೋಡೋಣ.

ಹಾಳೆಯಲ್ಲಿ ನಡೆಯ ಪಕ್ಕ ಉಳಿದ ನಿಮಿಷ ಬರೆದುಕೊಳ್ಳಲು ಅನುಮತಿ ಇದೆ. ಬಲವಾದ ಆಟಗಾರರು ಇದನ್ನು ತಪ್ಪದೆ ಮಾಡುತ್ತಾರೆ. ಪಂದ್ಯ ಎಲ್ಲಿ ಕೈತಪ್ಪಿತೆಂದು ಹುಡುಕುವಾಗ ಈ ಅಂಕಿಗಳಷ್ಟು ಸಹಾಯ ಮಾಡುವುದು ಬೇರೇನೂ ಇಲ್ಲ.

ಮುಟ್ಟಿದ ಕಾಯಿ ನಡೆಸಲೇಬೇಕೆನ್ನುವುದು ಎಷ್ಟು ಕಟ್ಟುನಿಟ್ಟು?

ಪೂರ್ತಿ ಕಟ್ಟುನಿಟ್ಟು. ನಿಮ್ಮ ಸರದಿಯಲ್ಲಿ ಉದ್ದೇಶಪೂರ್ವಕವಾಗಿ ಸ್ವಂತ ಕಾಯಿ ಮುಟ್ಟಿದರೆ, ಸಾಧ್ಯವಿದ್ದರೆ ಅದನ್ನೇ ನಡೆಸಬೇಕು. ಎದುರಾಳಿಯ ಕಾಯಿ ಮುಟ್ಟಿದರೆ, ಸಾಧ್ಯವಿದ್ದರೆ ಅದನ್ನು ಹೊಡೆಯಬೇಕು. ಓರೆಯಾಗಿ ನಿಂತ ಕಾಯಿಯನ್ನು ಸರಿಮಾಡುವುದಿದ್ದರೆ ಮೊದಲು "ಅಡ್ಜಸ್ಟ್" ಎಂದು ಕೇಳುವ ಹಾಗೆ ಹೇಳಿ, ಆಮೇಲೆ ಮುಟ್ಟಿ. ಅದೂ ನಿಮ್ಮ ಸರದಿಯಲ್ಲಿ ಮಾತ್ರ.

ಮಕ್ಕಳು ಹೆಚ್ಚು ಎಡವುವುದು ಕ್ಯಾಸ್ಲಿಂಗ್‌ನಲ್ಲಿ. ಮೊದಲು ರಾಜನನ್ನು ಎರಡು ಮನೆ ಸರಿಸಿ, ನಂತರ ಅದೇ ಕೈಯಲ್ಲಿ ಆನೆಯನ್ನು ದಾಟಿಸಬೇಕು. ಆನೆಯನ್ನು ಮೊದಲು ಮುಟ್ಟಿದರೆ ಆ ಬದಿಗೆ ಕ್ಯಾಸ್ಲಿಂಗ್ ಹೋಯಿತು, ಆನೆಯನ್ನೇ ನಡೆಸಬೇಕು. ಎರಡೂ ಕೈ ಬಳಸಿ ಗಡಿಯಾರ ಒತ್ತಿದರೆ ಅಕ್ರಮ ನಡೆಯ ಶಿಕ್ಷೆಯೇ ಬೀಳುತ್ತದೆ.

ಅಕ್ರಮ ನಡೆ ಆಡಿದರೆ?

ನಿಯಮಕ್ಕೆ ಹೊಂದದ ನಡೆ ಆಡಿ ಗಡಿಯಾರ ಒತ್ತಿದ ಮೇಲೆಯೇ ಅದು ಅಕ್ರಮ ನಡೆ ಎನಿಸುತ್ತದೆ. ಕ್ಲಾಸಿಕಲ್‌ನಲ್ಲಿ ಮೊದಲ ಬಾರಿಗೆ ಎದುರಾಳಿಗೆ ಎರಡು ನಿಮಿಷ ಹೆಚ್ಚು, ಎರಡನೇ ಬಾರಿಗೆ ಸೋಲು. ಕಾಯಿಗಳನ್ನು ಹಿಂದಿನ ಸ್ಥಿತಿಗೆ ತಂದ ಮೇಲೂ ಮುಟ್ಟಿದ ಕಾಯಿಯ ನಿಯಮ ಉಳಿಯುತ್ತದೆ.

ಬಡ್ತಿಯ ವಿಷಯದಲ್ಲಿ ಎರಡು ಎಚ್ಚರಿಕೆ. ಕಾಲಾಳನ್ನು ಎಂಟನೇ ಸಾಲಿಗೆ ತಳ್ಳಿ, ರಾಣಿಯನ್ನು ಇಡದೆ ಗಡಿಯಾರ ಒತ್ತಿದರೆ ಅದು ಅಕ್ರಮ. ರಾಣಿ ಸಿಗಲಿಲ್ಲವೆಂದು ಆನೆಯನ್ನು ತಲೆಕೆಳಗಾಗಿ ಇಟ್ಟರೆ ಅದು ಆನೆಯೇ, ರಾಣಿಯಲ್ಲ. ಹತ್ತಿರ ರಾಣಿ ಇಲ್ಲದಿದ್ದರೆ ಗಡಿಯಾರ ನಿಲ್ಲಿಸಿ ಆರ್ಬಿಟರನ್ನು ಕರೆಯಿರಿ. ನಿಲ್ಲಿಸಿ ಕೇಳುವುದು ನಿಮ್ಮ ಹಕ್ಕು.

ಓಪನಿಂಗ್ ಎಷ್ಟು ಕಲಿಯಬೇಕು?

ಮಕ್ಕಳು ಕಲಿಯುತ್ತಿರುವುದಕ್ಕಿಂತ ಕಡಿಮೆ. ಬಿಳಿಗೆ ಒಂದು ವ್ಯವಸ್ಥೆ, ಕಪ್ಪಿನಲ್ಲಿ ಇ4ಗೆ (ಬಿಳಿ ಕಾಲಾಳು ಇ ಸಾಲಿನ ನಾಲ್ಕನೇ ಮನೆಗೆ) ಒಂದು ಉತ್ತರ, ಡಿ4ಗೆ ಒಂದು ಉತ್ತರ ಇದ್ದರೆ 1800 ರೇಟಿಂಗ್‌ವರೆಗೆ ಧಾರಾಳ ಸಾಕು. ಇಟಾಲಿಯನ್ ಆಟವನ್ನೇ ನೋಡಿ: ಇ4 ಇ5, ಕುದುರೆ ಎಫ್3 ಕುದುರೆ ಸಿ6, ಒಂಟೆ ಸಿ4 ಒಂಟೆ ಸಿ5, ಸಿ3 ಕುದುರೆ ಎಫ್6, ಡಿ3. ಐದು ನಡೆ ಬಾಯಿಪಾಠ ಮಾಡುವುದು ಐದು ನಿಮಿಷದ ಕೆಲಸ. ತಿಳಿಯಬೇಕಾದದ್ದು ಆಮೇಲಿನದು: ಬಿಳಿಯ ಬಿ1 ಕುದುರೆ ಡಿ2, ಎಫ್1 ಮೂಲಕ ಜಿ3ಕ್ಕೆ ಯಾಕೆ ಹೋಗುತ್ತದೆ, ಅದಕ್ಕೆ ಮೊದಲು ಆನೆ ಇ1ಕ್ಕೆ ಯಾಕೆ ಬರಬೇಕು (ಎಫ್1 ಮನೆ ಖಾಲಿಯಾಗಲಿ ಎಂದು), ಕಪ್ಪು ಯಾವಾಗ ಡಿ5ಕ್ಕೆ ಕಾಲಾಳು ತಳ್ಳಿ ನಡುವನ್ನು ಒಡೆಯುತ್ತದೆ. ಈ ಮೂರಕ್ಕೆ ಉತ್ತರ ಹೇಳಬಲ್ಲ ಹುಡುಗಿ ಹತ್ತನೇ ನಡೆಯಲ್ಲಿ ಹೊಸದು ಕಂಡರೂ ಗಾಬರಿಯಾಗುವುದಿಲ್ಲ.

ಮೇಲಿನ ಬೋರ್ಡುಗಳಲ್ಲಿ ಆಡುವ ಬಲವಾದವರು ಜೋಡಿ (ಯಾರಿಗೆ ಯಾರು ಎದುರಾಳಿ ಎಂಬ ಪಟ್ಟಿ) ಪ್ರಕಟವಾದ ಕೂಡಲೇ ಎದುರಾಳಿಯ ಹಳೆಯ ಪಂದ್ಯಗಳನ್ನು ಡೇಟಾಬೇಸ್‌ನಲ್ಲಿ ತೆಗೆದು ನೋಡುತ್ತಾರೆ. ನೀವು ಮಾಡುವುದಾದರೆ ಒಂದು ಗಂಟೆಗಿಂತ ಹೆಚ್ಚು ಬೇಡ. ಅವನು ಯಾವ ಬಗೆಯ ಸ್ಥಿತಿ ಇಷ್ಟಪಡುತ್ತಾನೆ ಎಂದು ನೋಡಿಕೊಂಡು ಮಲಗಿ.

ಸಮಯ ಹೇಗೆ ಹಂಚಿಕೊಳ್ಳಬೇಕು?

90 + 30ರಲ್ಲಿ ಮೊದಲ 40 ನಡೆಗೆ ಸಿಗುವುದು 90 ಮತ್ತು 20, ಒಟ್ಟು 110 ನಿಮಿಷ. ನಡೆಗೆ ಸರಾಸರಿ ಎರಡು ಮುಕ್ಕಾಲು ನಿಮಿಷ. ಆದರೆ ಸರಾಸರಿಯಂತೆ ಯಾರೂ ಆಡುವುದಿಲ್ಲ, ಆಡಲೂಬಾರದು. ಒಂದು ಅಂದಾಜು ಇಟ್ಟುಕೊಳ್ಳಿ: 15ನೇ ನಡೆಗೆ ಗಡಿಯಾರದಲ್ಲಿ 70 ನಿಮಿಷ, 30ನೇ ನಡೆಗೆ 30 ನಿಮಿಷ ಉಳಿದಿರಲಿ. ನಡುವಿನ 15 ನಡೆಗಳಿಗೆ ಸುಮಾರು 47 ನಿಮಿಷ ಸಿಗುತ್ತದೆ. ಹೆಚ್ಚಿನ ಪಂದ್ಯಗಳ ಗತಿ ನಿರ್ಧಾರವಾಗುವುದು ಅಲ್ಲೇ, ಸಮಯ ಸುರಿಯಬೇಕಾದ ಜಾಗವೂ ಅದೇ.

ಎಲ್ಲಿ ತಪ್ಪುತ್ತದೆ? ಎರಡು ಕಡೆ. ಮೊಬೈಲ್ ಆಟದ ರೂಢಿಯಿರುವ ಹುಡುಗ 40 ನಡೆಯನ್ನು 25 ನಿಮಿಷದಲ್ಲಿ ಮುಗಿಸುತ್ತಾನೆ. ಗಡಿಯಾರದಲ್ಲಿ ಒಂದು ಗಂಟೆಗೂ ಹೆಚ್ಚು ಉಳಿದಿರುವಾಗಲೇ ಆನೆ ಕಳೆದುಕೊಂಡಿರುತ್ತಾನೆ. ಇದರ ವಿರುದ್ಧ ಸ್ವಭಾವದವನು ಹನ್ನೆರಡನೇ ನಡೆಯಲ್ಲಿ, ಎರಡು ಸಮಾನ ಒಳ್ಳೆಯ ನಡೆಗಳ ನಡುವೆ ಆರಿಸಲಾಗದೆ, 25 ನಿಮಿಷ ಕೂರುತ್ತಾನೆ. ಆಮೇಲೆ ನಿಜವಾಗಿ ಎಣಿಸಬೇಕಾದ 32ನೇ ನಡೆಗೆ ಅವನ ಬಳಿ 30 ಸೆಕೆಂಡ್ ಮಾತ್ರ. ಮೊದಲಿನವನಿಗೆ ಮದ್ದು ಸರಳ: ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದು, ಎದುರಾಳಿಯ ನಡೆಯನ್ನು ಹಾಳೆಯಲ್ಲಿ ಬರೆದ ಮೇಲೆಯೇ ಯೋಚನೆ ಶುರುಮಾಡುವುದು. ಎರಡನೆಯವನಿಗೆ ಮಿತಿ ಬೇಕು. ಹತ್ತು ನಿಮಿಷ ಯೋಚಿಸಿಯೂ ವ್ಯತ್ಯಾಸ ಕಾಣದಿದ್ದರೆ ಎರಡೂ ಸರಿಯೇ. ಮನಸ್ಸಿಗೆ ಮೊದಲು ಬಂದದ್ದನ್ನು, ತಕ್ಷಣದ ಅಪಾಯವಿಲ್ಲವೆಂದು ನೋಡಿಕೊಂಡು, ಆಡಿಬಿಡಬೇಕು.

ಪ್ರಬಲ ಆಟಗಾರರ ಪಂದ್ಯ ನೋಡಿದರೆ ಏನೂ ನಡೆಯುವಂತೆ ಕಾಣುವುದಿಲ್ಲ. ಅವರು ಮಾಡುತ್ತಿರುವುದೇನು?

ಎದುರಾಳಿಗೆ ಬೇಕಾದದ್ದನ್ನು ಕಸಿಯುತ್ತಿರುತ್ತಾರೆ. ಇಬ್ಬರಿಗೂ ಎರಡು-ಮೂರು ನಡೆಯ ತಂತ್ರ ಕಾಣುತ್ತದೆ, ಆದ್ದರಿಂದ ಅದು ಬೋರ್ಡಿನ ಮೇಲೆ ಬರುವುದೇ ಇಲ್ಲ. ಬರುವುದು ಸಣ್ಣ ವಿಷಯಗಳು: ಎದುರಾಳಿಯ ಕುದುರೆಗೆ ಒಳ್ಳೆಯ ಮನೆ ಸಿಗದ ಹಾಗೆ ಒಂದು ಕಾಲಾಳು ಮುಂದಿಡುವುದು, ತನ್ನ ಕೆಟ್ಟ (ಸ್ವಂತ ಕಾಲಾಳುಗಳೇ ದಾರಿ ಕಟ್ಟಿದ) ಒಂಟೆಯನ್ನು ಅವನ ಒಳ್ಳೆಯ ಒಂಟೆಗೆ ಬದಲಾಯಿಸುವುದು, ಕಾಲಾಳುಗಳಿಲ್ಲದ ತೆರೆದ ಸಾಲಿಗೆ ಆನೆಯನ್ನು ಒಂದು ನಡೆ ಮೊದಲೇ ತರುವುದು. ನೋಡುವವರು ಪ್ರತಿ ನಡೆಗೆ "ಈಗ ಎದುರಾಳಿ ಇನ್ನೊಂದು ಸಲ ಆಡುವಂತಿದ್ದರೆ ಏನು ಆಡುತ್ತಿದ್ದ?" ಎಂದು ಕೇಳಿಕೊಂಡರೆ ಅರ್ಧ ಪಂದ್ಯ ತಾನಾಗಿ ಅರ್ಥವಾಗುತ್ತದೆ. ಆಡುವವರಿಗೂ ಇದೇ ಪ್ರಶ್ನೆ ಬೇಕು.

ಹಾಗಾದರೆ ವಿಶ್ವ ಚಾಂಪಿಯನ್‌ಗಳೂ ಯಾಕೆ ಎಡವುತ್ತಾರೆ?

ಆಯಾಸ, ಮತ್ತು ಎದುರಾಳಿಯ ಮೇಲಿನ ಅತಿಯಾದ ನಂಬಿಕೆ. ಎರಡಕ್ಕೂ ವಿಶ್ವ ಚಾಂಪಿಯನ್‌ಶಿಪ್‌ನಲ್ಲೇ ಉದಾಹರಣೆಗಳಿವೆ.

2014ರಲ್ಲಿ ಸೋಚಿಯಲ್ಲಿ ನಡೆದ ಪಂದ್ಯಾವಳಿಯ ಆರನೇ ಆಟದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ 26ನೇ ನಡೆಗೆ ರಾಜನನ್ನು ಡಿ2ಕ್ಕೆ ತಂದರು. ಅದು ದೊಡ್ಡ ತಪ್ಪು. ಕಪ್ಪು ಕುದುರೆ ಇ5ರ ಕಾಲಾಳನ್ನು ಹೊಡೆದಿದ್ದರೆ ಬಿಳಿ ಎರಡು ಕಾಲಾಳು ಕಳೆದುಕೊಳ್ಳುತ್ತಿತ್ತು. ವಿಶ್ವನಾಥನ್ ಆನಂದ್ ಅದನ್ನು ಗಮನಿಸದೆ ಎ4 ಆಡಿದರು, ಕೊನೆಗೆ ಆ ಆಟ ಸೋತರು. ಇಂಥ ಎದುರಾಳಿ ಇಷ್ಟು ಸುಲಭದ ತಪ್ಪು ಮಾಡಲಾರ ಎಂದುಕೊಂಡಾಗ ಕಣ್ಣು ಹುಡುಕುವುದನ್ನೇ ನಿಲ್ಲಿಸುತ್ತದೆ. ಆದ್ದರಿಂದ ಎದುರಿಗೆ ಯಾರೇ ಇರಲಿ, ಪ್ರತಿ ನಡೆಯಲ್ಲೂ ಮೊದಲು ಚೆಕ್‌ಗಳು, ನಂತರ ಹೊಡೆತಗಳು, ನಂತರ ಬೆದರಿಕೆಗಳು. ಈ ಕ್ರಮದಲ್ಲಿ ಒಂದು ಸುತ್ತು ನೋಡಲೇಬೇಕು.

ಇನ್ನೊಂದು 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ. ಅಂಕ 6.5–6.5, ಕೊನೆಯ, 14ನೇ ಆಟ. ಬಿಳಿಯಲ್ಲಿ ಡಿಂಗ್ ಲಿರೆನ್, ಕಪ್ಪಿನಲ್ಲಿ ಚೆನ್ನೈಯ ಡಿ. ಗುಕೇಶ್. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು ಇತ್ತು, ಆದರೂ ಸ್ಥಿತಿ ಡ್ರಾ ಆಗುವಂಥದ್ದು. 55ನೇ ನಡೆಗೆ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಆನೆಗಳ ವಿನಿಮಯಕ್ಕೆ ಮುಂದಾದರು. ಆನೆಗಳು ಹೋದ ಮೇಲೆ ಗುಕೇಶ್ ಒಂಟೆಯನ್ನು ಡಿ5ಕ್ಕೆ ಇಟ್ಟರು. ಬಿಳಿಯ ಒಂಟೆ ಎ8ರ ಮೂಲೆಯಲ್ಲಿತ್ತು, ಆ ಓರೆ ಸಾಲು ಬಿಟ್ಟು ಹೋಗಲು ಅದಕ್ಕೆ ದಾರಿಯೇ ಇರಲಿಲ್ಲ. ಒಂಟೆಗಳ ವಿನಿಮಯವೂ ಅನಿವಾರ್ಯ. ಉಳಿದದ್ದು ರಾಜ-ಕಾಲಾಳುಗಳ ಕೊನೆಯಾಟ, ಅದು ಕಪ್ಪಿಗೆ ಗೆಲುವು. 58ನೇ ನಡೆಗೆ ಡಿಂಗ್ ಸೋಲೊಪ್ಪಿದರು. 18 ವರ್ಷದ ಗುಕೇಶ್ 7.5–6.5ರಿಂದ ಅತಿ ಕಿರಿಯ ವಿಶ್ವ ಚಾಂಪಿಯನ್ ಆದರು.

ಆ ಆಟವನ್ನು ಮಕ್ಕಳಿಗೆ ತೋರಿಸುವಾಗ ಕೊನೆಯ ನಡೆಗಳನ್ನು ಮಾತ್ರ ತೋರಿಸಬೇಡಿ. ಒಂದು ಕಾಲಾಳು ಹೆಚ್ಚಿದ್ದ ಗುಕೇಶ್ ಡ್ರಾ ಎಂದು ಎಲ್ಲರೂ ಹೇಳುವ ಸ್ಥಿತಿಯಲ್ಲಿ ಬಿಡದೆ ಆಡುತ್ತಲೇ ಇದ್ದರು. ಎದುರಾಳಿ ತಪ್ಪು ಮಾಡಬಹುದಾದ ಅವಕಾಶಗಳನ್ನು ಒಂದೊಂದಾಗಿ ಇಡುತ್ತಾ ಹೋದರು. ಕೊನೆಯಾಟದ ಕಸುಬೆಂದರೆ ಇದೇ.

ಯಾವ ಕೊನೆಯಾಟಗಳನ್ನು ಕಲಿಯಲೇಬೇಕು?

ಮೊದಲು ರಾಜ ಮತ್ತು ಒಂದು ಕಾಲಾಳು. ನಿಮ್ಮ ರಾಜ ಆರನೇ ಸಾಲಿನಲ್ಲಿ, ಸ್ವಂತ ಕಾಲಾಳಿನ ಮುಂದೆ ನಿಂತಿದ್ದರೆ, ಸರದಿ ಯಾರದ್ದಾದರೂ ಗೆಲುವು. ಎ ಮತ್ತು ಎಚ್ ಸಾಲಿನ ಕಾಲಾಳು ಮಾತ್ರ ಇದಕ್ಕೆ ಹೊರತು. ಅದೇ ಅಂಚಿನ ಕಾಲಾಳಿನ ಜೊತೆ ನಿಮಗೊಂದು ಒಂಟೆ ಇದ್ದರೂ, ಆ ಒಂಟೆ ಬಡ್ತಿಯ ಮನೆಯ ಬಣ್ಣದ್ದಲ್ಲದಿದ್ದರೆ, ಮತ್ತು ಎದುರಾಳಿಯ ರಾಜ ಆ ಮೂಲೆ ಸೇರಿದರೆ, ಡ್ರಾ. ಒಂದು ಕಾಯಿ ಪೂರ್ತಿ ಹೆಚ್ಚಿದ್ದೂ ಗೆಲ್ಲಲಾಗದ ಸ್ಥಿತಿ ಇದು. ವಿನಿಮಯ ಮಾಡುವ ಮೊದಲೇ ಇದು ನೆನಪಿರಬೇಕು.

ನಂತರ ಆನೆಯ ಕೊನೆಯಾಟ. ಹೆಚ್ಚು ಪಂದ್ಯಗಳಲ್ಲಿ ಬರುವುದು ಇದೇ, ಹೆಚ್ಚು ಅಂಕ ಸೋರಿಹೋಗುವುದೂ ಇಲ್ಲೇ. ಎರಡು ಸ್ಥಿತಿಗಳು ಬೆರಳ ತುದಿಯಲ್ಲಿರಲಿ.

ಫಿಲಿಡೋರ್ ಸ್ಥಿತಿ ಕಾಪಾಡುವವನದು. ಎದುರಾಳಿಗೆ ಆನೆ ಮತ್ತು ಕಾಲಾಳು, ನಿಮಗೆ ಆನೆ ಮಾತ್ರ. ನಿಮ್ಮ ರಾಜ ಕಾಲಾಳಿನ ಎದುರು, ಬಡ್ತಿ ಮನೆಯ ಹತ್ತಿರ ಇದ್ದಾನೆ. ನಿಮ್ಮ ಆನೆಯನ್ನು ಅವನ ಕಡೆಯಿಂದ ಎಣಿಸಿದ ಆರನೇ ಸಾಲಿನಲ್ಲಿ ಇಡಿ. ಅವನ ರಾಜ ಆ ಸಾಲಿಗೆ ಕಾಲಿಡಲಾರ. ಅಲ್ಲೇ ಅತ್ತಿತ್ತ ಸರಿಯುತ್ತ ಕಾಯಿರಿ. ಅವನು ಕಾಲಾಳನ್ನೇ ಆರನೇ ಸಾಲಿಗೆ ತಳ್ಳಿದ ಕೂಡಲೇ ಆನೆಯನ್ನು ಅವನ ಒಂದನೇ ಸಾಲಿಗೆ ಒಯ್ದು ಹಿಂದಿನಿಂದ ಚೆಕ್ ಕೊಡುತ್ತ ಹೋಗಿ. ರಾಜನಿಗೆ ಅಡಗಲಿದ್ದ ಜಾಗವನ್ನು ಅವನ ಕಾಲಾಳೇ ಹಿಡಿದಿರುತ್ತದೆ. ಸಾಮಾನ್ಯ ತಪ್ಪೆಂದರೆ ಅವಸರ: ಕಾಲಾಳು ಐದರಲ್ಲಿರುವಾಗಲೇ ಆನೆಯನ್ನು ಹಿಂದಕ್ಕೆ ಒಯ್ಯುವುದು.

ಲುಸೇನಾ ಸ್ಥಿತಿ ಗೆಲ್ಲುವವನದು. ಬಿಳಿ ರಾಜ ಜಿ8, ಕಾಲಾಳು ಜಿ7, ಆನೆ ಎಫ್1. ಕಪ್ಪು ರಾಜ ಇ7, ಆನೆ ಎಚ್2. ಮೊದಲು ಆನೆ ಇ1ರಿಂದ ಚೆಕ್, ಕಪ್ಪು ರಾಜ ಡಿ7. ಈಗ ಆನೆ ಇ4! ಇಡೀ ಯೋಜನೆ ಈ ನಾಲ್ಕನೇ ಸಾಲಿನಲ್ಲಿದೆ. ಕಪ್ಪು ಆನೆ ಎಚ್1. ಬಿಳಿ ರಾಜ ಎಫ್7, ಕಪ್ಪು ಆನೆಯಿಂದ ಚೆಕ್. ರಾಜ ಜಿ6, ಚೆಕ್. ರಾಜ ಎಫ್6, ಚೆಕ್. ರಾಜ ಜಿ5, ಚೆಕ್. ಬಿಳಿ ಆನೆ ಜಿ4ರಲ್ಲಿ ಅಡ್ಡ. ಚೆಕ್ ಮುಗಿಯಿತು, ಕಾಲಾಳು ರಾಣಿಯಾಗುತ್ತದೆ. ಒಂದು ವಾರ ದಿನಕ್ಕೆ ಹತ್ತು ನಿಮಿಷ, ಎರಡೂ ಬದಿಯಿಂದ ಆಡಿ ನೋಡಿದರೆ ಜೀವನಪೂರ್ತಿ ಮರೆಯುವುದಿಲ್ಲ.

ಡ್ರಾ ಕೋರುವುದು ಹೇಗೆ? ಮೂರು ಸಲ ಅದೇ ಸ್ಥಿತಿ ಬಂದರೆ ತಾನಾಗಿ ಡ್ರಾ ಅಲ್ಲವೇ?

ಅಲ್ಲ. ಮೂರು ಸಲ ಬಂದರೆ ಕೋರುವ ಹಕ್ಕು ಸಿಗುತ್ತದೆ, ಅಷ್ಟೆ. ಐದು ಸಲ ಬಂದಾಗ ಮಾತ್ರ ತಾನಾಗಿ ಡ್ರಾ. ಹಾಗೆಯೇ ಯಾವ ಕಾಯಿಯೂ ಹೋಗದೆ, ಯಾವ ಕಾಲಾಳೂ ಕದಲದೆ, ಇಬ್ಬರೂ 50 ನಡೆ ಆಡಿದರೆ ಕೋರಬಹುದು. 75 ಆದರೆ ಆಟ ತಾನಾಗಿ ನಿಲ್ಲುತ್ತದೆ, ಕೊನೆಯ ನಡೆ ಚೆಕ್‌ಮೇಟ್ ಆಗಿರದಿದ್ದರೆ.

ಹಕ್ಕು ತಪ್ಪಿಹೋಗುವುದು ಕ್ರಮ ಗೊತ್ತಿಲ್ಲದೆ. ನಿಮ್ಮ ಮುಂದಿನ ನಡೆಯಿಂದ ಮೂರನೇ ಸಲ ಆ ಸ್ಥಿತಿ ಬರುವುದಾದರೆ, ನಡೆಯನ್ನು ಹಾಳೆಯಲ್ಲಿ ಬರೆಯಿರಿ, ಬೋರ್ಡಿನಲ್ಲಿ ಆಡಬೇಡಿ, ಗಡಿಯಾರ ನಿಲ್ಲಿಸಿ, ಆರ್ಬಿಟರಿಗೆ ಹೇಳಿ. ಆಡಿ ಗಡಿಯಾರ ಒತ್ತಿದರೆ ಸರದಿ ಎದುರಾಳಿಯದು, ಆಗ ನಿಮಗೆ ಕೋರುವ ಹಕ್ಕಿಲ್ಲ. ಆ ಮೂರು ಸಲ ಒಂದರ ಹಿಂದೆ ಒಂದು ಬರಬೇಕೆಂದಿಲ್ಲ. ಆದರೆ ಸರದಿ ಒಬ್ಬನದ್ದೇ ಆಗಿರಬೇಕು, ಕ್ಯಾಸ್ಲಿಂಗ್ ಮುಂತಾದ ಸಾಧ್ಯತೆಗಳೂ ಅವೇ ಆಗಿರಬೇಕು. ಕೋರಿಕೆ ತಪ್ಪೆಂದು ಕಂಡರೆ ಎದುರಾಳಿಗೆ ಎರಡು ನಿಮಿಷ ಸೇರುತ್ತದೆ, ಬರೆದ ನಡೆಯನ್ನೇ ಆಡಬೇಕಾಗುತ್ತದೆ.

ಎದುರಾಳಿಗೆ ಡ್ರಾ ಕೇಳುವ ಸರಿಯಾದ ಗಳಿಗೆ?

ನಿಮ್ಮ ನಡೆ ಆಡಿದ ಮೇಲೆ, ಗಡಿಯಾರ ಒತ್ತುವ ಮೊದಲು. ಇಬ್ಬರೂ ಹಾಳೆಯಲ್ಲಿ ಸಮಚಿಹ್ನೆ ಬರೆಯಬೇಕು. ಅವನು ಯೋಚಿಸುವಾಗ ಕೇಳುವುದು, ಮತ್ತೆ ಮತ್ತೆ ಕೇಳುವುದು ಎದುರಾಳಿಗೆ ತೊಂದರೆ ಕೊಟ್ಟಂತೆ, ಆರ್ಬಿಟರ್ ಶಿಕ್ಷಿಸಬಹುದು. ಇಂತಿಷ್ಟು ನಡೆಗೆ ಮೊದಲು ಒಪ್ಪಂದದ ಡ್ರಾ ಇಲ್ಲವೆನ್ನುವ ಟೂರ್ನಿಗಳೂ ಇವೆ.

ಸಮಯ ಮುಗಿದರೆ ಸೋಲು ಖಚಿತವೇ?

ಎದುರಾಳಿಯ ಬಳಿ ಯಾವುದೇ ಸರಣಿಯ ಸಕ್ರಮ ನಡೆಗಳಿಂದಲೂ ಮೇಟ್ ಮಾಡಲಾಗದ ಸ್ಥಿತಿ ಇದ್ದರೆ ಡ್ರಾ, ಉದಾಹರಣೆಗೆ ಬರೀ ರಾಜ. ಉಳಿದಂತೆ ಸೋಲು.

ಪಂದ್ಯ ಮುಗಿದ ಮೇಲೆ ಏನು ಮಾಡಬೇಕು?

ಗಡಿಯಾರ ನಿಲ್ಲಿಸಿ, ಕೈಕುಲುಕಿ, ಎರಡೂ ಹಾಳೆಗಳಲ್ಲಿ ಫಲಿತಾಂಶ ಬರೆದು ಇಬ್ಬರೂ ಸಹಿ ಹಾಕಬೇಕು. ಫಲಿತಾಂಶ ತಪ್ಪಾಗಿ ಬರೆದು ಸಹಿ ಹಾಕಿದರೆ, ಆರ್ಬಿಟರ್ ಬೇರೆ ತೀರ್ಮಾನ ಕೊಡದ ಹೊರತು ಅದೇ ನಿಲ್ಲುತ್ತದೆ. ಸಹಿಗೆ ಮೊದಲು ಓದಿ.

ಆಮೇಲೆ ಎದುರಾಳಿಯನ್ನು ಹೊರಗೆ ಹತ್ತು ನಿಮಿಷ ಚರ್ಚೆಗೆ ಕರೆಯಿರಿ. ಬಲವಾದ ಆಟಗಾರರು ಹೆಚ್ಚಾಗಿ ಇಲ್ಲವೆನ್ನುವುದಿಲ್ಲ. ಅವರು ಯಾವುದಕ್ಕೆ ಹೆದರಿದ್ದರು, ಯಾವ ನಡೆಯನ್ನು ನೋಡಲೇ ಇಲ್ಲ ಎಂದು ಕೇಳುವುದು ದುಡ್ಡು ಕೊಟ್ಟ ಪಾಠಕ್ಕೆ ಸಮ. ಮನೆಗೆ ಬಂದು ಆಟವನ್ನು ಲಿಚೆಸ್‌ನಂಥ ಉಚಿತ ತಾಣಕ್ಕೆ ತುಂಬಿಸಿ, ಆದರೆ ಕಂಪ್ಯೂಟರ್ ವಿಶ್ಲೇಷಣೆಯನ್ನು ತಕ್ಷಣ ಹಚ್ಚಬೇಡಿ. ಮೊದಲು ನೀವೇ ಮೂರು ತಿರುವುಗಳನ್ನು ಗುರುತಿಸಿ, ಆ ಗಳಿಗೆಯಲ್ಲಿ ಏನು ಯೋಚಿಸಿದ್ದಿರಿ ಎಂದು ಬರೆಯಿರಿ. ನಂತರ ಸ್ಟಾಕ್‌ಫಿಶ್ (ಚೆಸ್ ವಿಶ್ಲೇಷಿಸುವ ಕಂಪ್ಯೂಟರ್ ಪ್ರೋಗ್ರಾಂ) ನೋಡಿ. ಅದು ಕೊಡುವ ಅಂಕಿಯಲ್ಲಿ 0.3ರ ಏರಿಳಿತಕ್ಕೆ ತಲೆಕೆಡಿಸಿಕೊಳ್ಳಬೇಡಿ. ಸ್ಥೂಲವಾಗಿ 1 ಎಂದರೆ ಒಂದು ಕಾಲಾಳಿನಷ್ಟು ಮೇಲುಗೈ, ಅದಕ್ಕಿಂತ ದೊಡ್ಡ ಜಿಗಿತಗಳನ್ನಷ್ಟೇ ಹಿಡಿಯಿರಿ. ಪ್ರತಿ ತಪ್ಪಿನ ಪಕ್ಕ ಕಾರಣ ಬರೆಯಿರಿ: ಕಾಣಲಿಲ್ಲ, ಕಂಡರೂ ತಪ್ಪಾಗಿ ಎಣಿಸಿದೆ, ಸಮಯವಿರಲಿಲ್ಲ, ಕೊನೆಯಾಟ ಗೊತ್ತಿರಲಿಲ್ಲ. ಹತ್ತು ಪಂದ್ಯಗಳಾದ ಮೇಲೆ ಯಾವ ಕಾರಣ ಹೆಚ್ಚಿದೆಯೋ ಮುಂದಿನ ತಿಂಗಳ ಅಭ್ಯಾಸ ಅದಕ್ಕೇ.

ರೇಟಿಂಗ್ ಸಿಗುವುದು ಹೇಗೆ, ಏರುವುದು ಹೇಗೆ?

ರೇಟಿಂಗ್ ಇರುವ ಕನಿಷ್ಠ ಐದು ಎದುರಾಳಿಗಳೊಂದಿಗೆ ಆಡಬೇಕು. 26 ತಿಂಗಳೊಳಗೆ ಬೇರೆ ಬೇರೆ ಟೂರ್ನಿಗಳದ್ದನ್ನು ಕೂಡಿಸಬಹುದು. ಮೊದಲ ಟೂರ್ನಿಯಲ್ಲಿ ಇವರ ವಿರುದ್ಧ ಸೊನ್ನೆ ಬಂದರೆ ಅದು ಲೆಕ್ಕಕ್ಕಿಲ್ಲ. 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1400. ಲೆಕ್ಕ ಅದಕ್ಕಿಂತ ಕೆಳಗೆ ಬಂದರೆ ಪಟ್ಟಿಯಲ್ಲಿ ಹೆಸರು ಬಾರದು.

ಏರಿಳಿತದ ಲೆಕ್ಕ: ನಿರೀಕ್ಷೆಗಿಂತ ಎಷ್ಟು ಹೆಚ್ಚು ಅಂಕ ಗಳಿಸಿದಿರೋ ಅದನ್ನು ಒಂದು ಗುಣಕದಿಂದ ಗುಣಿಸಬೇಕು. ಹೊಸಬರಿಗೆ 30 ಪಂದ್ಯದವರೆಗೆ, ಮತ್ತು 2300ಕ್ಕಿಂತ ಕೆಳಗಿನ 18 ವರ್ಷದೊಳಗಿನವರಿಗೆ ಗುಣಕ 40. 1500ರ ಹುಡುಗಿ 1600ರವನ ಎದುರು ಆಡಿದರೆ ನಿರೀಕ್ಷೆ 0.36. ಗೆದ್ದರೆ 25.6 ಏರುತ್ತದೆ, ಡ್ರಾ ಆದರೆ 5.6 ಏರುತ್ತದೆ, ಸೋತರೆ 14.4 ಇಳಿಯುತ್ತದೆ. ಮಕ್ಕಳ ಗುಣಕ ದೊಡ್ಡದಾದ್ದರಿಂದ ಒಂದು ಕೆಟ್ಟ ಟೂರ್ನಿಯಲ್ಲಿ ನೂರು ಇಳಿಯುವುದು, ಒಂದು ಒಳ್ಳೆಯದರಲ್ಲಿ ಮರಳುವುದು ಸಹಜ. ಹೆತ್ತವರು ಪ್ರತಿ ತಿಂಗಳ ಪಟ್ಟಿ ನೋಡಿ ಮಗುವನ್ನು ಬೈಯಬಾರದು.

ನಮ್ಮ ಮನೆಮಾತು ಕನ್ನಡ, ಊರು ಕೇರಳದಲ್ಲಿ. ಯಾವ ರಾಜ್ಯದಿಂದ ಆಡುವುದು?

ಅಖಿಲ ಭಾರತ ಚೆಸ್ ಫೆಡರೇಶನ್‌ನ ನೋಂದಣಿ ಆನ್‌ಲೈನಿನಲ್ಲಿ, ರಾಜ್ಯವಾರು. ಕಾಸರಗೋಡು ಜಿಲ್ಲೆಯ ನಿವಾಸಿಗಳಿಗೆ ರಾಜ್ಯ ಕೇರಳವೇ. ಜಿಲ್ಲಾ, ರಾಜ್ಯ ಆಯ್ಕೆ ಪಂದ್ಯಗಳ ದಾರಿ ಅಲ್ಲಿಂದಲೇ. ಫಿಡೆ ಗುರುತಿನ ಸಂಖ್ಯೆಯೂ ಫೆಡರೇಶನ್ ಮೂಲಕ ಬರುತ್ತದೆ. ಓಪನ್ ರೇಟಿಂಗ್ ಟೂರ್ನಿಗಳಿಗೆ ಈ ಗಡಿ ಅಡ್ಡಬರುವುದಿಲ್ಲ, ಮಂಗಳೂರು, ಉಡುಪಿ, ಮೈಸೂರಿನಲ್ಲಿ ಧಾರಾಳವಾಗಿ ಆಡಬಹುದು. ಮಂಜೇಶ್ವರದವರಿಗೆ ಹತ್ತಿರದ ಟೂರ್ನಿ ಹೆಚ್ಚಾಗಿ ಮಂಗಳೂರಿನದ್ದೇ.

ಎರಡೂ ರಾಜ್ಯಗಳಲ್ಲಿ ಮಾದರಿಗಳಿದ್ದಾರೆ: ಕೇರಳದ ಮೊದಲ ಗ್ರ್ಯಾಂಡ್‌ಮಾಸ್ಟರ್ ಜಿ. ಎನ್. ಗೋಪಾಲ್, 14ನೇ ವಯಸ್ಸಿಗೇ ಆ ಬಿರುದಿಗೆ ತಲುಪಿದ ತೃಶ್ಶೂರಿನ ನಿಹಾಲ್ ಸರಿನ್, ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ. ಎಸ್. ತೇಜ್‌ಕುಮಾರ್. ಆ ಬಿರುದಿಗೆ 2500 ರೇಟಿಂಗ್ ಮುಟ್ಟಬೇಕು, ಜೊತೆಗೆ ಸಾಮಾನ್ಯವಾಗಿ ಮೂರು ನಾರ್ಮ್ (ಬಲವಾದ ಟೂರ್ನಿಯಲ್ಲಿ ನಿಗದಿತ ಮಟ್ಟದ ಸಾಧನೆ) ಬೇಕು.

ದಕ್ಷಿಣ ಕೇರಳದ ಟೂರ್ನಿಗಳಲ್ಲಿ ಪ್ರಕಟಣೆ ಮಲಯಾಳದಲ್ಲಿ ಇರುತ್ತದೆ. ಮಗುವಿಗೆ ಅರ್ಥವಾಗದಿದ್ದರೆ?

ಜೋಡಿ ಪಟ್ಟಿ ಗೋಡೆಯ ಮೇಲೂ ಆನ್‌ಲೈನಿನಲ್ಲೂ ಇರುತ್ತದೆ, ಬೋರ್ಡ್ ಸಂಖ್ಯೆ ನೋಡಲು ಕಲಿಸಿ. ತಕರಾರಿನ ಗಳಿಗೆಗೆ ಮಗುವಿಗೆ ಮೂರೇ ಕೆಲಸ ಕಲಿಸಿದರೆ ಸಾಕು: ಗಡಿಯಾರ ನಿಲ್ಲಿಸು, ಕೈ ಎತ್ತು, ಹಾಳೆ ತೋರಿಸು. ಎದುರಾಳಿಯ ಜೊತೆ ವಾದಕ್ಕೆ ಇಳಿಯುವುದು ಬೇಡ. ಭಾಷೆ ಬಾರದೆಂದು ಸುಮ್ಮನಿದ್ದು ಎದುರಾಳಿ ಹೇಳಿದ್ದಕ್ಕೆ ಒಪ್ಪಿಬಿಡುವುದು ನಮ್ಮ ಕಡೆಯ ಮಕ್ಕಳು ಅಂಕ ಕಳೆದುಕೊಳ್ಳುವ ಒಂದು ದಾರಿ, ಮತ್ತು ಅದು ಪೂರ್ತಿಯಾಗಿ ತಪ್ಪಿಸಬಹುದಾದದ್ದು.

ಎರಡು ಸುತ್ತುಗಳ ನಡುವೆ ಊಟ?

ಹೊಟ್ಟೆ ತುಂಬ ಅನ್ನ ಉಂಡು ಕೂತರೆ ಮಧ್ಯಾಹ್ನದ ಸುತ್ತಿನಲ್ಲಿ ಕಣ್ಣು ಮುಚ್ಚುತ್ತದೆ. ಸ್ವಲ್ಪ ಗಂಜಿ, ಎರಡು ಇಡ್ಲಿ, ಒಂದು ನೇಂದ್ರ ಬಾಳೆಹಣ್ಣು, ಹೀಗೆ ಹಗುರವಾಗಿ. ಪಂದ್ಯದ ನಡುವೆ ನೀರು ಸ್ವಲ್ಪ ಸ್ವಲ್ಪವೇ ಕುಡಿಯಲಿ. ಶೌಚಾಲಯಕ್ಕೆ ಎದುರಾಳಿಯ ಸರದಿಯಲ್ಲಿ ಹೋಗಬೇಕು. ಸ್ವಂತ ಸರದಿಯಲ್ಲಾದರೆ ಆರ್ಬಿಟರ್ ಅನುಮತಿ ಕೇಳಲೇಬೇಕು.

ಹೆತ್ತವರು ಒಳಗೆ ನಿಂತು ನೋಡಬಹುದೇ? ಎದುರಾಳಿ ಮೋಸ ಮಾಡಿದ್ದು ಕಂಡರೆ?

ಸಂಘಟಕರು ಬಿಟ್ಟರೆ ದೂರದಿಂದ, ಮಾತಿಲ್ಲದೆ. ಏನಾದರೂ ಅಕ್ರಮ ಕಂಡರೆ ಆರ್ಬಿಟರಿಗೆ ಮಾತ್ರ ಹೇಳಿ. ಮಗುವಿಗಾಗಲಿ ಎದುರಾಳಿಗಾಗಲಿ ಸನ್ನೆ ಮಾಡಿದರೂ ನಿಮ್ಮನ್ನು ಹೊರಗೆ ಕಳಿಸಬಹುದು. ಮಗುವಿನ ಎದುರಿಗೆ ಅದರ ಕಣ್ಣಿಗೆ ಬೀಳುವಂತೆ ನಿಲ್ಲಬೇಡಿ. ಅರ್ಧ ಮಕ್ಕಳು ಬೋರ್ಡು ಬಿಟ್ಟು ಅಮ್ಮನ ಮುಖದಲ್ಲಿ ಸ್ಥಿತಿ ಓದಲು ನೋಡುತ್ತಾರೆ. ಸೋತು ಬಂದರೆ ಆ ಹೊತ್ತಿಗೆ ಆಟದ ಪ್ರಶ್ನೆ ಬೇಡ, ಮುಂದಿನ ಸುತ್ತು ಎಷ್ಟು ಗಂಟೆಗೆ ಎಂದಷ್ಟೇ ಕೇಳಿ.